ಮೊದಲ ವಾದ್ಯದ ಕತೆ

ಮಗುವಿಗೆ ಸಂಗೀತ ಕಲಿಸಬೇಕೆಂಬ ಮನಸ್ಸಾದೊಡನೆ ಮನೆಯಲ್ಲಿ ಏಳುವ ಮೊದಲನೆಯ ಪ್ರಶ್ನೆ, ಯಾವ ವಾದ್ಯವನ್ನು ಕೊಳ್ಳಬೇಕು ಎಂಬುದು. ನಮ್ಮ ಹಿರಿಯರಿಗೆ ಈ ಪ್ರಶ್ನೆ ಸುಲಭವಾಗಿರಲಿಲ್ಲ. ವೀಣೆಗೆ ಹಲಸಿನ ಮರ ಹದವಾಗಬೇಕು. ಕುಶಲಿಯ ಕೈ ಅದನ್ನು ಕಡೆಯಬೇಕು. ಮೇಣದ ಮೇಲೆ 24 ಮೆಟ್ಟಿಲುಗಳು ಕೂರಬೇಕು. ಅದು ಮನೆಗೆ ಬಂದ ಮೇಲೂ ತಂತಿಯನ್ನು ಶ್ರುತಿಗೆ ತರಬಲ್ಲವರು ಬೇಕು. ಶ್ರುತಿ ಮಾಡಲು ಕಿವಿ ಬೇಕು, ಕಿವಿ ಪಳಗಲು ಶ್ರುತಿಯಾದ ವಾದ್ಯ ಬೇಕು. ಹೊಸಬನ ಈ ಗಂಟನ್ನು ಒಂದೇ ಏಟಿಗೆ ಬಿಡಿಸಿದ್ದು ಹಾರ್ಮೋನಿಯಂ. ಒಂದು ಕೈಯಲ್ಲಿ ತಿದಿ ಒತ್ತಿ, ಇನ್ನೊಂದು ಕೈಯಲ್ಲಿ ಮನೆ ಮುಟ್ಟಿದರೆ ಸ್ವರ ತಾನಾಗಿ ಹೊರಡುತ್ತದೆ.

ಈ ಪೆಟ್ಟಿಗೆಯ ತವರು ಪ್ಯಾರಿಸ್. 1840ರ ದಶಕದ ಆರಂಭದಲ್ಲಿ ಅಲೆಕ್ಸಾಂಡರ್ ದೆಬೆಂ ಎಂಬಾತ ಇದಕ್ಕೆ ಹಕ್ಕುಪತ್ರ ಪಡೆದ. ಪಾದ್ರಿಗಳ ಜೊತೆಗೆ ಅದು ನಮ್ಮ ದೇಶಕ್ಕೆ ಬಂದಾಗ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿ ತುಳಿಯುವ ವಾದ್ಯವಾಗಿತ್ತು. 19ನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಹಿಂಬದಿಗೆ ತಂದು, ಕೈಯಿಂದ ಒತ್ತುವಂತೆ ಮಾಡಿ, ಅದನ್ನು ನೆಲಕ್ಕೆ ಇಳಿಸಿದರು. ಚಾಪೆಯ ಮೇಲೆ ಕುಳಿತು ಹಾಡುವ ಜನಕ್ಕೆ ಚಾಪೆಯ ಮೇಲೆ ಕೂರುವ ವಾದ್ಯ ದೊರೆತಂತಾಯಿತು.

ಕನ್ನಡನಾಡಿನಲ್ಲಿ ಅದನ್ನು ಊರೂರಿಗೆ ಹೊತ್ತವು ನಾಟಕ ಕಂಪನಿಗಳು. ರಂಗದ ಮುಂದೆ ಕಾಲುಪೆಟ್ಟಿಗೆ ಮೊಳಗಿದರೆ ಆಟ ಮೊದಲಾಯಿತೆಂದು ಅರ್ಥ. ಧಾರವಾಡದ ಕಡೆಯವರು ‘ಪೇಟಿ’ ಎಂದು ಕರೆದು ಅದನ್ನು ತಮ್ಮದಾಗಿಸಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳ ಕೈಗೆ ಬದುಕಾಗಿ ಬಂದ ವಾದ್ಯಗಳಲ್ಲಿ ಇದೂ ಒಂದು. ಸ್ವತಃ ಪುಟ್ಟರಾಜ ಗವಾಯಿಗಳು (1914-2010) ಇದರಲ್ಲಿ ಪರಿಣತರು. ಇದನ್ನು ವಿದೇಶಿ ಎಂದು ತಳ್ಳುವವರು ಆ ಮಕ್ಕಳ ಬೆರಳುಗಳನ್ನು ನೆನೆಯಬೇಕು.

ಆದರೂ ತಳ್ಳಿದವರು ಸಾಮಾನ್ಯರಲ್ಲ. ಆನಂದ ಕುಮಾರಸ್ವಾಮಿ ಅದನ್ನು ಖಂಡಿಸಿದರು. ಫಾಕ್ಸ್ ಸ್ಟ್ರಾಂಗ್‌ವೇಸ್ 1914ರ ತಮ್ಮ ಗ್ರಂಥದಲ್ಲಿ ಖಂಡಿಸಿದರು. ರವೀಂದ್ರನಾಥ ಠಾಕೂರರೂ ವಿರೋಧಿಸಿದರು. 1940ರ ಮಾರ್ಚ್ 1ರಿಂದ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು. ಸ್ವಾತಂತ್ರ್ಯ ಬಂದ ಮೇಲೂ ಆ ಬಾಗಿಲು ತೆರೆಯಲಿಲ್ಲ. ನಿಷೇಧ ಸಡಿಲವಾದುದು 1971ರಲ್ಲಿ.

ಆಕ್ಷೇಪಣೆಯಲ್ಲಿ ಹುರುಳಿತ್ತು. ಹಾರ್ಮೋನಿಯಂ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ. ಸ್ಥಾಯಿಯನ್ನು 1200 ಸೆಂಟುಗಳೆಂದು ಎಣಿಸಿದರೆ, ತಂಬೂರಿಯ ನಾದದಲ್ಲಿ ತಾನಾಗಿ ಮೂಡುವ ಅಂತರ ಗಾಂಧಾರ 386ರ ಬಳಿ ನಿಲ್ಲುತ್ತದೆ. ಪೆಟ್ಟಿಗೆಯ ಗಾಂಧಾರ 400ರಲ್ಲಿ. ಈ ಹದಿನಾಲ್ಕು ಸೆಂಟು ಅಲ್ಪವೆಂದು ತೋರಬಹುದು, ಪಳಗಿದ ಕಿವಿಗೆ ಅಲ್ಪವಲ್ಲ. ಅದಕ್ಕಿಂತ ದೊಡ್ಡ ಕೊರತೆ, ಸ್ವರದಿಂದ ಸ್ವರಕ್ಕೆ ಜಾರಲು ಅಲ್ಲಿ ದಾರಿಯಿಲ್ಲ. ಗಮಕವೇ ಪ್ರಾಣವಾದ ಸಂಗೀತಕ್ಕೆ ಇದು ಸಣ್ಣ ಮಾತೆ?

ಪಿಟೀಲಿನ ಕತೆ ಇಲ್ಲಿ ನೆನಪಾಗುತ್ತದೆ. ಅದೂ ಹೊರಗಿನಿಂದ ಬಂದದ್ದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಅದಕ್ಕೆ ಯಾರೂ ಬಾಗಿಲು ಮುಚ್ಚಲಿಲ್ಲ. ಮೆಟ್ಟಿಲಿಲ್ಲದ ಅದರ ಹಲಗೆಯ ಮೇಲೆ ಬೆರಳು ಕೊರಳಿನಂತೆಯೇ ಜಾರಬಲ್ಲುದು. ಆದುದರಿಂದ ಜಗಳವಿದ್ದದ್ದು ವಿದೇಶಿತನದೊಡನೆ ಅಲ್ಲ, ಅಚಲ ಸ್ವರದೊಡನೆ ಎಂದು ನನಗೆ ತೋರುತ್ತದೆ.

ಆದರೆ ಭಾಷೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕನ್ನಡ ಪಾಠ ಹೇಳುವ ನನಗೆ ಇದರಲ್ಲಿ ಬಹಳ ಸ್ವಾರಸ್ಯ. ‘ನಿಮ್ಮ ಶ್ರುತಿ ಎಷ್ಟು ಮನೆ?’ ಎಂದು ಗಾಯಕರನ್ನು ಕೇಳುತ್ತೇವೆ. ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ಐದು’ ಎಂದು ಶ್ರುತಿ ಹೇಳುತ್ತಾರೆ. ಈ ಮನೆ, ಈ ಕಪ್ಪು ಬಿಳುಪು, ಎಲ್ಲವೂ ಹಾರ್ಮೋನಿಯಂ ಪೆಟ್ಟಿಗೆಯವು. ಪೆಟ್ಟಿಗೆಯನ್ನು ಕಂಡರಾಗದ ವಿದ್ವಾಂಸರೂ ತಮ್ಮ ಕಂಠದ ಅಳತೆಯನ್ನು ಅದರ ಮಾತಿನಲ್ಲಿಯೇ ಹೇಳಬೇಕಾಗಿದೆ!

ಇಂದು ಅಂಗಡಿಯಲ್ಲಿ ಕೀಬೋರ್ಡುಗಳ ಸಾಲೇ ಇದೆ. ಅವುಗಳ ಮುಂದೆ ನಿಂತ ತಂದೆತಾಯಿಗಳ ಪ್ರಶ್ನೆ ಮಾತ್ರ ಹಳೆಯದೆ: ಸುಲಭವಾದುದನ್ನು ಕೊಳ್ಳಬೇಕೆ, ಸರಿಯಾದುದನ್ನೆ? ಪರಿಚಿತರು ಕೇಳಿದಾಗ ನಾನು ಹೇಳುವುದು ಇಷ್ಟೆ: ಪೆಟ್ಟಿಗೆಯನ್ನು ಧಾರಾಳವಾಗಿ ಕೊಳ್ಳಿ, ಜೊತೆಗೆ ತಂಬೂರಿಯ ನಾದವನ್ನೂ ದಿನವೂ ಮಗುವಿನ ಕಿವಿಗೆ ಬೀಳಿಸಿ. ಮೊದಲ ವಾದ್ಯ ಬೆರಳಿಗಿಂತ ಮುಂಚೆ ಕಿವಿಗೆ ಪಾಠ ಹೇಳುತ್ತದೆ. ಬೆರಳು ಕಲಿತದ್ದನ್ನು ತಿದ್ದಬಹುದು. ಕಿವಿ ಕಲಿತದ್ದನ್ನು ತಿದ್ದುವುದು ಕಷ್ಟ.