ಗುರುಗಳಿಲ್ಲದ ಧರ್ಮಸಭೆ: ಜೋಸೆಫ್ ವಾಜ್ ಹಾಗೂ ಕೆನರಾ ಕ್ರೈಸ್ತರ ಆಧ್ಯಾತ್ಮಿಕ ಜೀವನ

ಕರಾವಳಿ ಕರ್ನಾಟಕದ ಕ್ಯಾಥೊಲಿಕ್ ಸಮುದಾಯದ ಇತಿಹಾಸವನ್ನು ಕುರಿತ ಬರಹಗಳಲ್ಲಿ ರಾಜಕೀಯ ಒಪ್ಪಂದಗಳು, ಇಗರ್ಜಿಗಳ ನಿರ್ಮಾಣ ಹಾಗೂ 1784ರ ಸೆರೆವಾಸ ಇವುಗಳಿಗೆ ಹೆಚ್ಚಿನ ಸ್ಥಾನ ದೊರೆತಿದೆ. ಆದರೆ ಗುರುಗಳೂ ಇಗರ್ಜಿಗಳೂ ಇಲ್ಲವಾದ ಕಾಲದಲ್ಲಿ ಈ ಸಮುದಾಯದ ಆಧ್ಯಾತ್ಮಿಕ ಜೀವನ ಯಾವ ಆಧಾರದ ಮೇಲೆ ನಿಂತಿತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಸಂತ ಜೋಸೆಫ್ ವಾಜ್ (1651-1711) ಅವರ ಕೆನರಾ ಮತ್ತು ಸಿಂಹಳದ ಸೇವೆಯ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1652ರಿಂದ 1654ರ ಅವಧಿಯಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿ ಹಾಗೂ ಮಂಗಳೂರಿನ ಪೋರ್ಚುಗೀಸ್ ನೆಲೆಗಳನ್ನು ವಶಪಡಿಸಿಕೊಂಡನು. ಇದರ ಪರಿಣಾಮವಾಗಿ ಗೋವೆಯಿಂದ ವಲಸೆ ಬಂದು ನೆಲೆಸಿದ್ದ ಕ್ರೈಸ್ತರು ಪೋರ್ಚುಗೀಸರ ಆಶ್ರಯವನ್ನು ಕಳೆದುಕೊಂಡರು. ಕೆಳದಿಯೊಡನೆ 1678ರಲ್ಲಿ ಆದ ಒಪ್ಪಂದವು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅವಕಾಶ ಕಲ್ಪಿಸಿತಾದರೂ ಸಮಸ್ಯೆ ಬಗೆಹರಿಯಲಿಲ್ಲ. ಏಕೆಂದರೆ ಆ ವೇಳೆಗೆ ಧರ್ಮಸಭೆಯ ಒಳಗೇ ಅಧಿಕಾರದ ವಿವಾದ ತಲೆದೋರಿತ್ತು. ರೋಮಿನ ಪ್ರೊಪಗಾಂಡಾ ಸಂಸ್ಥೆಯ ಮೂಲಕ ನಿಯುಕ್ತರಾಗಿದ್ದ ಬಿಷಪ್ ತೋಮಸ್ ದ ಕ್ಯಾಸ್ತ್ರೊ ಅವರ ಅಧಿಕಾರವನ್ನು ಪೋರ್ಚುಗೀಸ್ ದೊರೆಯ 'ಪದ್ರುವಾದೊ' ಹಕ್ಕಿನ ಆಧಾರದಿಂದ ಗೋವೆಯ ಧರ್ಮಪ್ರಾಂತ ಒಪ್ಪಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಸ್ಥಾಪಿಸಿದವರು ಇದೇ ಕ್ಯಾಸ್ತ್ರೊ. ಈ ವಿವಾದ ಕೇವಲ ಆಡಳಿತಕ್ಕೆ ಸಂಬಂಧಿಸಿದುದಾಗಿರಲಿಲ್ಲ. ತಾವು ಪಡೆದ ಪಾಪನಿವೇದನೆ, ವಿವಾಹ ಮೊದಲಾದ ಸಂಸ್ಕಾರಗಳು ಸಿಂಧುವೋ ಅಸಿಂಧುವೋ ಎಂಬ ಶಂಕೆ ಸಾಮಾನ್ಯ ಭಕ್ತರನ್ನು ಕಾಡತೊಡಗಿತು. ಕುಟುಂಬಗಳು ಎರಡು ಪಕ್ಷಗಳಾಗಿ ಒಡೆದವು.

ಈ ಸನ್ನಿವೇಶದಲ್ಲಿ 1681ರಲ್ಲಿ ವಾಜ್ ಅವರು ಗೋವೆಯ ಪ್ರತಿನಿಧಿಯಾಗಿ ಕೆನರಾಕ್ಕೆ ಬಂದರು. ಗೋವೆಯ ಬಾಣಾವಲಿಯಲ್ಲಿ ಜನಿಸಿ 1676ರಲ್ಲಿ ಗುರುದೀಕ್ಷೆ ಪಡೆದ ಇವರು ಕೊಂಕಣಿ ಮಾತೃಭಾಷೆಯವರು. ಎದುರು ಪಕ್ಷವನ್ನು ಖಂಡಿಸುವ ಮಾರ್ಗವನ್ನು ಹಿಡಿಯದೆ ಕ್ಯಾಸ್ತ್ರೊ ಅವರನ್ನೇ ಕಂಡು ಮಾತುಕತೆ ನಡೆಸಿ, ಭಕ್ತರ ಹಿತಕ್ಕಾಗಿ ರಾಜಿಗೆ ಯತ್ನಿಸಿದರು. ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಸಂಚರಿಸಿ ಬೋಧಿಸಿದರು. ಭಕ್ತರ ಸಹೋದರ ಸಂಘಗಳಿಗೆ ಉತ್ತೇಜನ ನೀಡಿದರು. 1684ರಲ್ಲಿ ಅವರು ಗೋವೆಗೆ ಮರಳಿದರು. ಅದೇ ವರ್ಷ ಗೋವೆಯ ವೈಸ್‌ರಾಯ್ ಕೊಂಕಣಿಯ ಬಳಕೆಯನ್ನು ನಿರ್ಬಂಧಿಸಿ ಆಜ್ಞೆ ಹೊರಡಿಸಿದನೆಂಬುದು ಗಮನಾರ್ಹ. ಕೆಳದಿಯ ಆಳ್ವಿಕೆಗೆ ಒಳಪಟ್ಟ ಕೆನರಾದ ಕ್ರೈಸ್ತರಿಗೆ ಈ ಆಜ್ಞೆ ಅನ್ವಯಿಸುತ್ತಿರಲಿಲ್ಲ. ಮನೆಮಾತಿನಲ್ಲಿಯೇ ಪ್ರಾರ್ಥಿಸುವ ಸ್ವಾತಂತ್ರ್ಯ ಅವರಿಗೆ ಉಳಿಯಿತು.

ಕೆನರಾದ ಅನುಭವ ಸಿಂಹಳದಲ್ಲಿ ಫಲ ನೀಡಿತು. ಡಚ್ಚರು 1658ರಲ್ಲಿ ಜಾಫ್ನಾವನ್ನು ಗೆದ್ದು ಕ್ಯಾಥೊಲಿಕ್ ಆಚರಣೆಗಳನ್ನು ನಿಷೇಧಿಸಿದ್ದರಿಂದ ಅಲ್ಲಿನ ಭಕ್ತರಿಗೆ ಗುರುಗಳೇ ಇರಲಿಲ್ಲ. 1687ರಲ್ಲಿ ವೇಷ ಮರೆಸಿಕೊಂಡು ಆ ದ್ವೀಪವನ್ನು ಸೇರಿದ ವಾಜ್, ಇಡೀ ನಾಡಿಗೆ ತಾವೊಬ್ಬರೇ ಸಾಲರೆಂಬುದನ್ನು ಅರಿತು ಗೃಹಸ್ಥ ಭಕ್ತರನ್ನೇ ಅಣಿಗೊಳಿಸಿದರು. ಇಗರ್ಜಿಯ ಮೇಲ್ವಿಚಾರಣೆಗೆ 'ಮೂಪ್ಪು', ಪ್ರಾರ್ಥನೆ ಹಾಗೂ ಧರ್ಮಬೋಧೆಗೆ 'ಅಣ್ಣಾವಿ' ಎಂಬವರು ಗುರುಗಳ ಭೇಟಿಯ ನಡುವಣ ದೀರ್ಘಾವಧಿಯಲ್ಲಿ ಸಭೆಯನ್ನು ನಡೆಸಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳಿ ಮತ್ತು ತಮಿಳು ಭಾಷೆಗಳಲ್ಲಿ ಭಕ್ತಿಗ್ರಂಥಗಳನ್ನು ರಚಿಸಿ ಈ ವ್ಯವಸ್ಥೆಗೆ ಪಠ್ಯದ ಬಲ ನೀಡಿದರು.

ಇದಕ್ಕೆ ಹೋಲುವ ವ್ಯವಸ್ಥೆ ನಮ್ಮ ಕರಾವಳಿಯಲ್ಲಿಯೂ ಕಂಡುಬರುತ್ತದೆ. ಇಗರ್ಜಿಯ ವ್ಯಾಪ್ತಿಯನ್ನು 'ವಾಡೊ'ಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ 'ಗುರ್ಕಾರ'ನನ್ನು ನೇಮಿಸುವುದು ಇಲ್ಲಿನ ರೂಢಿ. ತುಳುನಾಡಿನ ಇತರ ಸಮುದಾಯಗಳಲ್ಲಿ ಮುಖಂಡನಿಗಿರುವ 'ಗುರಿಕಾರ' ಎಂಬ ಹೆಸರೇ ಇದು. ಅಂದರೆ, ಧರ್ಮ ಹೊರಗಿನಿಂದ ಬಂದರೂ ಅದನ್ನು ಕಾಪಾಡಿದ ಸಾಮಾಜಿಕ ಕಟ್ಟು ಈ ನೆಲದ್ದಾಗಿತ್ತು.

ಈ ಕಟ್ಟಿನ ನಿಜವಾದ ಪರೀಕ್ಷೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಡೆಯಿತು. 1784ರ ಫೆಬ್ರವರಿ 24ರಂದು ಕೆನರಾದ ಕ್ರೈಸ್ತರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸುವ ಕಾರ್ಯ ಆರಂಭವಾಯಿತು. ಗುರುಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು. ಬಹುತೇಕ ಇಗರ್ಜಿಗಳು ನೆಲಸಮವಾದವು. ಬಂಧಿತರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಹದಿನೈದು ವರ್ಷಗಳ ಬಳಿಕ, 1799ರ ಮೇ ತಿಂಗಳಲ್ಲಿ ಬಿಡುಗಡೆ ಹೊಂದಿದವರಲ್ಲಿ ಅನೇಕರು ಕ್ರೈಸ್ತರಾಗಿಯೇ ಊರಿಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿದರೆಂಬುದು ನಿರ್ವಿವಾದ. 1616ರಲ್ಲಿ ಮೊದಲು ಮುದ್ರಣಗೊಂಡ ತೋಮಸ್ ಸ್ಟೀಫನ್ಸರ 'ಕ್ರಿಸ್ತಪುರಾಣ'ದ ಹಸ್ತಪ್ರತಿಗಳು ಈ ಸಮುದಾಯದಲ್ಲಿ ಉಳಿದು ಬಂದು, 1907ರಲ್ಲಿ ಮಂಗಳೂರಿನಲ್ಲಿ ಅದರ ಮರುಮುದ್ರಣ ಸಾಧ್ಯವಾದುದು ಇದೇ ಬಗೆಯ ನಿಷ್ಠೆಗೆ ಇನ್ನೊಂದು ನಿದರ್ಶನ.

ವಾಜ್ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಘೋಷಿಸಲಾಯಿತು. ಒಟ್ಟಿನಲ್ಲಿ, ಧರ್ಮಸಭೆಯೊಂದರ ಆಧ್ಯಾತ್ಮಿಕ ಬಲವನ್ನು ಅದರ ಕಟ್ಟಡಗಳಿಂದಾಗಲಿ ಅಧಿಕಾರಿಗಳ ಶ್ರೇಣಿಯಿಂದಾಗಲಿ ಅಳೆಯಲಾಗದು. ಮನೆಮಾತಿನ ಪ್ರಾರ್ಥನೆ, ಹೊಣೆ ಹೊತ್ತ ಗೃಹಸ್ಥರು ಹಾಗೂ ನೆರೆಹೊರೆಯ ಕಟ್ಟುಪಾಡು ಈ ಮೂರೂ ಸೇರಿದೆಡೆ ಅದು ಉಳಿದುಕೊಂಡಿತೆಂಬುದನ್ನು ಕೆನರಾದ ಇತಿಹಾಸ ಸ್ಪಷ್ಟಪಡಿಸುತ್ತದೆ.