ಹೇಲಿಬರಿಯ ಹುಡುಗರು, ಧಾರವಾಡದ ಹುಡುಗ

“ಇಂಗ್ರೇಜರು ಬರಲಿಲ್ಲಂದ್ರ ನಾವು ಇನ್ನೂ ಸಾಲಿ ಕಟ್ಟಿ ಕೆಳಗ ನಿಂತಿರ್ತಿದ್ವಿ” ಎಂದು ನಮ್ಮಪ್ಪ ಹೇಳುತ್ತಿದ್ದ. ಅವನು ಓದಿದ್ದು ಮುಲ್ಕಿಯವರೆಗೆ. ನಮ್ಮ ಕೇರಿಯಲ್ಲಿ ಮುಲ್ಕಿ ಪಾಸಾದ ಮೊದಲ ಮನುಷ್ಯ ಅವನೇ ಆದ್ದರಿಂದ ಆ ಮಾತಿಗೆ ಒಂದು ತೂಕವಿತ್ತು. ನಾನು ಕಾಲೇಜಿಗೆ ಹೋಗಿ ಸಾಮ್ರಾಜ್ಯಶಾಹಿ, ವಸಾಹತುಶಾಹಿ ಎಂಬ ಶಬ್ದಗಳನ್ನು ಕಲಿತು ಬಂದು ಅವನೊಡನೆ ವಾದಕ್ಕೆ ನಿಂತಾಗ, “ಆ ಶಬ್ದ ನಿನಗ ಯಾವ ಸಾಲ್ಯಾಗ ಕಲಿಸಿದ್ರಪಾ?” ಎಂದು ಕೇಳಿ ನಕ್ಕಿದ್ದ.

ಆ ಜಗಳ ನಮ್ಮ ವಿಮರ್ಶೆಯೊಳಗೆ ಇನ್ನೂ ಮುಗಿದಿಲ್ಲ. ಇಂಗ್ಲಿಷರು ನಮ್ಮ ದೇಸೀ ಜ್ಞಾನವನ್ನೆಲ್ಲ ಹಾಳುಗೆಡವಿದರು ಎನ್ನುವವರು ಒಂದು ಕಡೆ. ಆ ದೇಸೀ ಜ್ಞಾನದ ಪಡಸಾಲೆಯಲ್ಲಿ ನಮಗೆ ಜಾಗವೇ ಇರಲಿಲ್ಲವಲ್ಲ ಎನ್ನುವ ನಾವು ಇನ್ನೊಂದು ಕಡೆ. ಆದರೆ ‘ಇಂಗ್ಲಿಷರು’ ಎಂದರೆ ಯಾರು? ಎರಡೂ ಕಡೆಯವರು ಈ ಶಬ್ದವನ್ನು ಒಂದೇ ಮುದ್ದೆ ಮಾಡಿ ನುಂಗಿಬಿಟ್ಟಿದ್ದೇವೆ. ನಮ್ಮ ತಾತಮುತ್ತಾತಂದಿರ ಅರ್ಜಿಗಳ ಮೇಲೆ ಷರಾ ಬರೆದ ಕಲೆಕ್ಟರು, ಕಮಿಷನರುಗಳೂ ಒಂದು ಕಾಲಕ್ಕೆ ಹುಡುಗರಾಗಿದ್ದರಲ್ಲ. ಅವರು ಓದಿದ ಸಾಲಿ ಯಾವುದು, ಪಾಠ ಹೇಳಿದ ಮಾಸ್ತರರು ಯಾರು? ಇದನ್ನು ಹುಡುಕುತ್ತ ಹೋದಾಗ ನಾನು ಮುಟ್ಟಿದ್ದು ಹೇಲಿಬರಿಗೆ.

ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್ ಎಂಬ ಊರಿದೆ. ಅಲ್ಲಿನ ಕೋಟೆಯಲ್ಲಿ 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಕಾಲೇಜನ್ನು ಶುರುಮಾಡಿತು. 1809ರಲ್ಲಿ ಅದು ಹತ್ತಿರದ ಹೇಲಿಬರಿಯ ಹೊಸ ಕಟ್ಟಡಕ್ಕೆ ಹೋಯಿತು. ಕಾಲೇಜು ಎಂದು ಹೆಸರು, ಬರುತ್ತಿದ್ದವರು ಹದಿನಾರು ಹದಿನೇಳರ ಹುಡುಗರು. ಎರಡು ವರ್ಷದ ಓದು, ಆಮೇಲೆ ಹಡಗು. ಸೇರಬೇಕಾದರೆ ಕಂಪನಿಯ ಡೈರೆಕ್ಟರುಗಳಲ್ಲಿ ಒಬ್ಬ ಹೆಸರು ಸೂಚಿಸಬೇಕಿತ್ತು. ಅಂದರೆ ಅಣ್ಣನ ಮಗ, ತಂಗಿಯ ಮಗ, ಬೀಗರ ಹುಡುಗ. ನಮಗೆ ಮೀಸಲಾತಿ ಸಿಕ್ಕಾಗ ‘ಪ್ರತಿಭೆ’ಯ ಮಾತೆತ್ತುವವರು ಈ ಸಂಗತಿಯನ್ನು ಒಮ್ಮೆ ಓದಬೇಕು. ಒಂದು ಉಪಖಂಡವನ್ನು ಆಳುವ ಕೆಲಸಕ್ಕೆ ಅರ್ಹತೆ ಅರ್ಧ ಶತಮಾನದ ಕಾಲ ನೆಂಟಸ್ತಿಕೆಯೇ ಆಗಿತ್ತು. ಸ್ಪರ್ಧಾ ಪರೀಕ್ಷೆ ಬಂದದ್ದು 1855ರಲ್ಲಿ. ಈ ಹುಡುಗರು ಸಭ್ಯರೂ ಆಗಿರಲಿಲ್ಲ. ಮತ್ತೆ ಮತ್ತೆ ದೊಂಬಿ ಎಬ್ಬಿಸುತ್ತಿದ್ದರು. ಕಾಲೇಜನ್ನು ಮುಚ್ಚಿಬಿಡಿ ಎಂಬ ಕೂಗೆದ್ದಾಗ ಅದನ್ನು ಸಮರ್ಥಿಸಿ 1817ರಲ್ಲಿ ಕಿರುಹೊತ್ತಗೆ ಬರೆದವನು ಅಲ್ಲಿನ ಒಬ್ಬ ಮಾಸ್ತರ, ಥಾಮಸ್ ರಾಬರ್ಟ್ ಮಾಲ್ಥಸ್.

ಹೌದು, ಅದೇ ಮಾಲ್ಥಸ್. ಜನಸಂಖ್ಯೆ ಅನ್ನಕ್ಕಿಂತ ವೇಗವಾಗಿ ಬೆಳೆಯುತ್ತದೆ, ಬರ ಬೇನೆಗಳು ಅದನ್ನು ಕತ್ತರಿಸಿ ಸರಿಮಾಡುತ್ತವೆ ಎಂದವನು. ಕಾಲೇಜು ಶುರುವಾದಂದಿನಿಂದ 1834ರಲ್ಲಿ ಸಾಯುವವರೆಗೂ ಅವನು ಅಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ ಕಲಿಸಿದ. ತನ್ನ ಪ್ರಬಂಧವನ್ನು 1803ರಲ್ಲಿ ಬೆಳೆಸಿ ಬರೆದಾಗ ಅವನು ಹಿಂದೂಸ್ತಾನಕ್ಕೂ ಜಾಗ ಕೊಟ್ಟ. ಅದಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಏನನ್ನು? ವಿಲಿಯಂ ಜೋನ್ಸ್ ಅನುವಾದಿಸಿದ ಮನುವಿನ ಧರ್ಮಶಾಸ್ತ್ರವನ್ನು. ಅಂದರೆ ನಮ್ಮ ಜನ ಹೇಗೆ ಬದುಕುತ್ತಾರೆ, ಹೇಗೆ ಮದುವೆಯಾಗುತ್ತಾರೆ ಎಂದು ತಿಳಿಯಲು ಇಂಗ್ಲೆಂಡಿನ ಮೊದಲ ಅರ್ಥಶಾಸ್ತ್ರದ ಪ್ರಾಧ್ಯಾಪಕ ಕೇಳಿದ್ದು ಮನುವನ್ನು.

ಇಷ್ಟಕ್ಕೇ ನಿಲ್ಲಲಿಲ್ಲ. 1825ರಲ್ಲಿ ಅದೇ ಕಾಲೇಜಿನ ಪ್ರಾಧ್ಯಾಪಕ ಗ್ರೇವ್ಸ್ ಹಾಟನ್ ಮಾನವ ಧರ್ಮಶಾಸ್ತ್ರದ ಸಂಸ್ಕೃತ ಮೂಲವನ್ನೂ ಜೋನ್ಸನ ಅನುವಾದವನ್ನೂ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಓಲೆಗರಿಯಲ್ಲಿ, ಪುರೋಹಿತರ ಬಾಯಲ್ಲಿ ಇದ್ದದ್ದು ಚೆಂದದ ಅಚ್ಚಿನಲ್ಲಿ ಸರ್ಕಾರಿ ಮೇಜಿನ ಮೇಲೆ ಬಂತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಎದುರು ಸುಟ್ಟದ್ದು ಈ ಪುಸ್ತಕವನ್ನೇ. ಬೆಂಕಿಯ ಸುದ್ದಿ ನಮಗೆಲ್ಲ ಗೊತ್ತು, ಅಚ್ಚಿನ ಸುದ್ದಿ ಗೊತ್ತಿಲ್ಲ.

ಅಲ್ಲಿ ಮುನ್ಶಿಗಳೂ ಇದ್ದರು ಎಂಬುದನ್ನು ಹೇಳದೆ ಮುಂದೆ ಹೋಗಬಾರದು. ಗುಲಾಂ ಹೈದರ್, ಮಿರ್ಜಾ ಖಲೀಲ್ ಎಂಬವರು ಫಾರಸಿ ಅಕ್ಷರ ತಿದ್ದಿಸುತ್ತಿದ್ದರು. ಆಮೇಲೆ ಇರಾನಿನ ಮಿರ್ಜಾ ಇಬ್ರಾಹಿಂ ಬಂದ, ಫಾರಸಿ ವ್ಯಾಕರಣವನ್ನೂ ಬರೆದ. ನಮ್ಮ ಕಡೆಯ ಒಬ್ಬ ಹೊಲೆಯನನ್ನೋ ಮಾದಿಗನನ್ನೋ ಕರೆಸಿ “ನಿಮ್ಮ ಮಾತು ಹೇಳಿಕೊಡಪ್ಪ” ಎಂದು ಯಾರಿಗೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ?

ಇನ್ನು ಕಲಿತವರು. ಚಾರ್ಲ್ಸ್ ಟ್ರೆವೆಲಿಯನ್ ಮಾಲ್ಥಸ್ ಕಲಿಸುತ್ತಿದ್ದಾಗಲೇ ಅಲ್ಲಿ ಓದಿದವನು. ಮೆಕಾಲೆಯ ತಂಗಿಯನ್ನು ಮದುವೆಯಾದ, ಇಂಗ್ಲಿಷ್ ಶಿಕ್ಷಣದ ಪರವಾಗಿ ಬಾವನ ಜೊತೆ ನಿಂತ, 1838ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಬರೆದ. ಮೇಲಿನವರಿಗೆ ಕಲಿಸಿದರೆ ಸಾಕು, ವಿದ್ಯೆ ತಾನಾಗಿ ಕೆಳಕ್ಕೆ ಸೋರುತ್ತದೆ ಎಂಬುದು ಆ ಗುಂಪಿನ ನಂಬಿಕೆ. ಎಷ್ಟು ಸೋರಿತು ಎಂಬುದನ್ನು 1882ರಲ್ಲಿ ಜೋತಿಬಾ ಫುಲೆ ಹಂಟರ್ ಕಮಿಷನ್ನಿನ ಎದುರು ಹೇಳಿದ್ದಾರೆ: ರೈತರು ತೆತ್ತ ಕಂದಾಯದ ಹಣ ಮೇಲುಜಾತಿಯವರ ಓದಿಗೆ ಹೋಗುತ್ತಿದೆ ಎಂದು. ಇದೇ ಟ್ರೆವೆಲಿಯನ್ ಐರ್ಲೆಂಡಿನ ಕ್ಷಾಮದ ಕಾಲಕ್ಕೆ ಲಂಡನ್ನಿನ ಖಜಾನೆಯಲ್ಲಿ ಕೂತು ಪರಿಹಾರದ ಹಣವನ್ನು ಬಿಗಿಹಿಡಿದವನು. ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ಐರ್ಲೆಂಡು ದೂರವಾಯಿತು ಎನ್ನುವವರಿಗೆ ನಮ್ಮದೇ ಬರ ಇದೆ. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 1878. ಬಳ್ಳಾರಿ, ಕಲಾದಗಿ, ಧಾರವಾಡ, ಮೈಸೂರು ಎಲ್ಲ ಒಣಗಿಹೋದವು. ಮೈಸೂರು ಸೀಮೆಯೊಂದರಲ್ಲೇ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೋದರು. ಬರದ ಉಸ್ತುವಾರಿಗೆ ವೈಸರಾಯ್ ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನು, ಹೇಲಿಬರಿಯ ಹಳೆಯ ವಿದ್ಯಾರ್ಥಿ. 1874ರ ಬಿಹಾರದ ಬರದಲ್ಲಿ ಇದೇ ಟೆಂಪಲ್ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ, ದುಂದುಗಾರ ಎಂದು ಬೈಸಿಕೊಂಡಿದ್ದ. ಆ ಬೈಗುಳ ಮನಸ್ಸಿನಲ್ಲಿತ್ತೋ ಏನೋ, ಈ ಸಲ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ರತ್ತಲು ಕಾಳು ಮತ್ತು ಒಂದಾಣೆ ಸಾಕು ಎಂದ. ಹೆಣ್ಣಾಳಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಷ್ ಎಂಬ ಡಾಕ್ಟರ್ ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಅಂಕಿ ಹಿಡಿದು ವಾದಿಸಿದ. ಕಡೆಗೆ ಮದ್ರಾಸು ಸರ್ಕಾರ ಪಾಲನ್ನು ಹೆಚ್ಚಿಸಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು.

ಕಲ್ಲು ಒಡೆಯಲು ಹೋದವರು ಯಾರು? ಕಣಜ ಇದ್ದವರಲ್ಲ. “ಈಶ್ವರದ ಬರದಾಗ ಕತ್ತಾಳಿ ಗಡ್ಡಿ ಕುದಿಸಿ ತಿಂದಿದ್ರಂತ, ಊರಾಗ ಹಗೇವು ತುಂಬಿದ್ವಂತ” ಎಂದು ನಮ್ಮ ಅಜ್ಜಿ ಅವಳ ಅವ್ವನಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಒಂದು ರತ್ತಲಿನ ಲೆಕ್ಕ ಬರೆದ ಕೈ ಹೇಲಿಬರಿಯದು, ಹಗೇವಿಗೆ ಮಣ್ಣು ಮುಚ್ಚಿದ ಕೈ ನಮ್ಮೂರಿನದು. ನಮ್ಮ ಚರಿತ್ರೆ ಬರೆಯುವವರು ಮೊದಲನೆಯದನ್ನು ಮಾತ್ರ ಬರೆಯುತ್ತಾರೆ.

ಹಾಗೆಂದು ಅಲ್ಲಿ ಕಲಿತವರೆಲ್ಲ ಒಂದೇ ಅಚ್ಚಿನವರೆ? ಅಲ್ಲ, ಮತ್ತು ನನಗೆ ತೊಡಕಾದದ್ದು ಇಲ್ಲೇ. ಸಿ. ಪಿ. ಬ್ರೌನ್ ಹೇಲಿಬರಿಯವನು. ತೆಲುಗು ಪಂಡಿತರು ಮೂಸಿ ನೋಡದ ವೇಮನನನ್ನು ಹುಡುಕಿ ತೆಗೆದು 1829ರಲ್ಲಿ ಅಚ್ಚು ಹಾಕಿಸಿದ. ವಾಲ್ಟರ್ ಎಲಿಯಟ್ ಹೇಲಿಬರಿಯವನು. 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಸೆರೆಸಿಕ್ಕಿದ ತರುಣ. ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಈ ಸೀಮೆಯಲ್ಲೇ ತಿರುಗಿ 595 ಶಾಸನಗಳ ನಕಲು ಕೂಡಿಹಾಕಿದ. ನಮ್ಮ ಚಾಲುಕ್ಯರ ಚರಿತ್ರೆಗೆ ಅದು ಮೊದಲ ಬುನಾದಿ. ಅದನ್ನು ಎಲ್ಲರೂ ಹೇಳುತ್ತಾರೆ. ಹೊಲೆ ಮಾದಿಗರೇ ಮುಂದಾಳುಗಳಾಗಿ ನಿಲ್ಲುವ ಗ್ರಾಮದೇವತೆಯ ಜಾತ್ರೆಯನ್ನೂ ಅವನು ನೋಡಿ ಬರೆದಿಟ್ಟ. ಅದನ್ನು ಯಾರೂ ಹೇಳುವುದಿಲ್ಲ.

ಬ್ರಯನ್ ಹಾಡ್ಜ್‌ಸನ್ ಎಂಬವನದು ಇನ್ನೂ ದೊಡ್ಡ ಕತೆ. ಮಾಲ್ಥಸನ ಮನೆಯಲ್ಲೇ ಓಡಾಡಿಕೊಂಡಿದ್ದ ಹುಡುಗ. ನೇಪಾಳಕ್ಕೆ ಹೋಗಿ ಪಾಟಣದ ಅಮೃತಾನಂದ ಎಂಬ ನೇವಾರ ಬೌದ್ಧ ಪಂಡಿತನಿಂದ ಬೌದ್ಧ ಗ್ರಂಥಗಳನ್ನು ಸಂಪಾದಿಸಿದ, ಪ್ಯಾರಿಸ್ಸಿನವರೆಗೂ ಕಳಿಸಿದ. ಬುರ್ನೂಫ್ 1844ರಲ್ಲಿ ಭಾರತದ ಬೌದ್ಧ ಧರ್ಮದ ಮೇಲೆ ಬರೆದ ದೊಡ್ಡ ಪುಸ್ತಕಕ್ಕೆ ಈ ಹಸ್ತಪ್ರತಿಗಳೇ ಆಧಾರ. ಈ ದೇಶ ಮರೆತಿದ್ದ ಬುದ್ಧ ತಿರುಗಿ ಬಂದ ದಾರಿಗಳಲ್ಲಿ ಇದೂ ಒಂದು. ಇಂಗ್ಲಿಷೂ ಬೇಡ, ಸಂಸ್ಕೃತವೂ ಬೇಡ, ಜನರ ಮಾತಿನಲ್ಲೇ ಕಲಿಸಿ ಎಂದವನೂ ಇವನೇ. ಮನು ಅಚ್ಚಾದ ಕಾಲೇಜಿನಿಂದಲೇ ಬುದ್ಧನ ಕಡೆಗೆ ಹೊರಟವನೂ ಬಂದ ಎಂಬುದನ್ನು ಯಾವ ಸಿದ್ಧಾಂತದ ಚೀಲದಲ್ಲಿ ತುಂಬುವುದು?

ಈಗ ಧಾರವಾಡಕ್ಕೆ ಬರೋಣ. 1856ರ ಜೂನ್. ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಆ ಹೊತ್ತಿಗೆ ಸಿವಿಲ್ ಸರ್ವೀಸಿನ ಹಿರಿಯ ತಲೆಗಳೆಲ್ಲ ಹೆಚ್ಚುಕಮ್ಮಿ ಹೇಲಿಬರಿಯವೇ. ಸರ್ಕಾರದ ಉತ್ತರದ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗಿದೆ, ಒಪ್ಪಿದೆವು. ಆದರೆ ಅರ್ಜಿ ಹಾಕಿದವನು ಇವನೊಬ್ಬನೇ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವ ಹಾಗೆ ಮಾಡಲಾಗದು. ಈ ಟಿಪ್ಪಣಿಯನ್ನು ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಎತ್ತಿ ತೋರಿಸಿದ್ದಾರೆ. ನ್ಯಾಯ ನಿನ್ನ ಕಡೆ, ಶಾಲೆ ಅವರ ಕಡೆ! ಮನುವನ್ನು ಓದಿ ಬಂದವರಿಗೆ ಮನುವಿನ ಮಕ್ಕಳು ಸಿಟ್ಟಾಗುತ್ತಾರೆ ಎಂಬ ಭಯ.

ಅರ್ಜಿ ಅಲ್ಲಿಗೆ ಸಾಯಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಸರ್ಕಾರ, ಬಂಗಾಳದಲ್ಲಾಗಿದ್ದರೆ ಇಂಥ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು ಬರೆಯಿತು. ಆ ಕೌನ್ಸಿಲಿನಲ್ಲಿ ಕೂತಿದ್ದ ಜಾನ್ ಪೀಟರ್ ಗ್ರಾಂಟ್ ಕೂಡ ಹೇಲಿಬರಿಯವನೇ. 1858ರ ಏಪ್ರಿಲ್ 28ರಂದು ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳ ಆಜ್ಞೆ ಬಂತು: ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು. ಅದೇ ವರ್ಷದ ಆರಂಭದಲ್ಲಿ ಹೇಲಿಬರಿ ಕಾಲೇಜು ಬಾಗಿಲು ಹಾಕಿತ್ತು. ವರ್ಷ ಮುಗಿಯುವುದರೊಳಗೆ ಕಂಪನಿಯ ಆಳ್ವಿಕೆಯೂ ಮುಗಿಯಿತು. ಸಾಯುವಾಗ ಬರೆದ ಉಯಿಲಿನ ಹಾಗೆ ಆ ಆಜ್ಞೆ ಕಾಗದದಲ್ಲಿ ಉಳಿಯಿತು.

ಒಂದು ವರ್ಷ ಹಿಂದೆ, 1855ರಲ್ಲಿ, ಪುಣೆಯಲ್ಲಿ ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಮಾಂಗ ಹುಡುಗಿ ಮುಕ್ತಾ ಮಹಾರ ಮಾಂಗರ ದುಃಖದ ಮೇಲೆ ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅವಳಿಗೆ ಬಾಗಿಲು ತೆರೆದದ್ದು ಹೇಲಿಬರಿಯಲ್ಲ, ಒಬ್ಬ ಮಾಲಿ ದಂಪತಿ. ಇಂಗ್ಲಿಷರಿಗೆ ನಮ್ಮ ಋಣದ ಲೆಕ್ಕ ಬರೆಯುವಾಗ ಈ ಕಾಲಮ್ಮನ್ನು ಬೇರೆಯೇ ಹಾಕಬೇಕು ಎಂದು ನನ್ನ ತಕರಾರು.

ಈ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿದ್ದಾಗ ಅಪ್ಪ ಇನ್ನೂ ಇದ್ದ. ಧಾರವಾಡದ ಹುಡುಗನ ಕತೆ ಓದಿ ಹೇಳಿದೆ. ಸರ್ಕಾರದ ಉತ್ತರಕ್ಕೆ ಅವನು ಕಿವಿಯನ್ನೇ ಕೊಡಲಿಲ್ಲ.

“ಸಾಲಿಗೇ ಹೋಗದ ಹುಡುಗ ಅರ್ಜಿ ಹೆಂಗ ಬರದಾ?” ಎಂದ.

“ಯಾರೋ ಬರದು ಕೊಟ್ಟಿರಬೇಕು.”

“ಹಂಗಾರ ನೀ ಸಾಹೇಬರ ಸಾಲಿ ಬಿಡು. ಆ ಬರದು ಕೊಟ್ಟಾಂವ ಯಾರು, ಅದನ್ನ ಹುಡುಕು ಮೊದಲ.”