ಮಲ್ಪೆಯ ಮುಂದಣ ನಿರ್ಜನ ದ್ವೀಪ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಎಂಟು ಮುಖದ ಶಿಲಾಸ್ತಂಭವನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಕುಬ್ಜನೆಂಬ ಕವಿಯು ತಾನೇ ರಚಿಸಿ ತಾನೇ ಕೆತ್ತಿದ ಆ ಶಾಸನದಿಂದಲೇ ಕದಂಬರ ಮೂಲವೃತ್ತಾಂತವು ತಿಳಿದುಬಂದಿರುವುದು. ಕಂಬವು ಅಳಿದು ಅದರ ಹೆಸರು ಮಾತ್ರ ಉಳಿದ ಸ್ಥಳವೊಂದು ಘಟ್ಟದ ಕೆಳಗೆ ಕಡಲಿನಲ್ಲಿದೆ. ಅದೇ ಉಡುಪಿಯ ಮಲ್ಪೆಗೆ ಎದುರಾಗಿರುವ ಸೇಂಟ್ ಮೇರಿ ದ್ವೀಪಗಳು.

ಉತ್ತರದಕ್ಷಿಣವಾಗಿ ಸಾಲುಗೊಂಡ ಇವುಗಳಲ್ಲಿ ಮುಖ್ಯವಾದವು ನಾಲ್ಕು. ತೋನ್ಸೆಪಾರೆಂದೂ ತೆಂಗಿನ ದ್ವೀಪವೆಂದೂ ಕರೆಯಲ್ಪಡುವುದು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವುಳ್ಳದ್ದು. ಅದರ ನೆತ್ತಿಯು ನೀರಿನಿಂದ ಹತ್ತು ಮೀಟರಿನಷ್ಟೇ ಎತ್ತರ. ಜನವಸತಿಯಿಲ್ಲ. ಹಗಲಿನಲ್ಲಿ ಯಾತ್ರಿಕರು ದೋಣಿಯಲ್ಲಿ ಬಂದು ಹೋಗುವರು. ಮಳೆಗಾಲದಲ್ಲಿ ಅದೂ ನಿಲ್ಲುವುದು.

ವಾಸ್ಕೋ ಡ ಗಾಮನು ಮೊದಲು ಇಲ್ಲಿಳಿದು ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಹಲವರು ಬರೆಯುತ್ತಾರೆ. ಇದು ಕಾಲಕ್ರಮಕ್ಕೆ ಒಗ್ಗದ ಮಾತು. ಅವನ ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ್ದು 1498ರ ಮೇ ತಿಂಗಳಿನಲ್ಲಿ; ಅಲ್ಲಿಂದ ಹೊರಟದ್ದು ಆಗಸ್ಟ್ 29ರಂದು. ಊರಿಗೆ ಮರಳುವಾಗ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಸಾಗಿ, ಸೆಪ್ಟೆಂಬರ್ ನಡುವಿನಲ್ಲಿ ದ್ವೀಪವೊಂದರ ಮೇಲೆ ಕಂಬವನ್ನು ನೆಡಿಸಿ ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರೆಂಬುದು ಆ ನೌಕೆಗಳಲ್ಲಿದ್ದವನೇ ಬರೆದಿಟ್ಟ ದಿನಚರಿಯ ಸಾಕ್ಷ್ಯ. ಕೆಲವೇ ದಿನಗಳ ಮೇಲೆ ಅವರು ಕಾರವಾರದ ಬಳಿಯ ಅಂಜದೀವಿಯನ್ನು ಸೇರಿದರು. ಹೀಗಿರಲು ಈ ದ್ವೀಪವು ಬರುವಾಗಿನ ಮೊದಲ ಮೆಟ್ಟಿಲಲ್ಲ, ಹೋಗುವಾಗಿನ ಗುರುತು. ಕಂಬದ ಹೆಸರೂ ನಾವಿಕರ ಕಲ್ಪನೆಯಲ್ಲ; ಮೂರು ಕಂಬಗಳಿಗೆ ಇಡಬೇಕಾದ ಹೆಸರುಗಳನ್ನು ಪೋರ್ತುಗಲ್ಲಿನ ಅರಸನೇ ಮುಂಚಿತವಾಗಿ ಗೊತ್ತುಮಾಡಿದ್ದನು.

ನೆಟ್ಟ ಕಂಬವು ಈಗಿಲ್ಲ. ನೆಡದೆ ನಿಂತ ಕಂಬಗಳು ಮಾತ್ರ ಅಸಂಖ್ಯಾತ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಶಿಲಾರಸವು ಆರುತ್ತ ಕುಗ್ಗಿ ಬಿರಿಯಿತು. ಬೇಸಿಗೆಯಲ್ಲಿ ಸೊರಬದ ಕೆರೆಯಂಗಳದ ಕೆಸರು ಒಣಗಿ ಕೋನಕೋನವಾಗಿ ಸೀಳುವುದನ್ನು ನೋಡಿದವರಿಗೆ ಇದು ಸುಲಭವಾಗಿ ಮನದಟ್ಟಾದೀತು. ಭೇದವಿಷ್ಟೇ: ಇಲ್ಲಿ ಬಿರುಕು ಆಳಕ್ಕೆ ಇಳಿದು ಬಂಡೆಯನ್ನು ನೆಟ್ಟನೆಯ ಕಂಬಗಳಾಗಿ ವಿಭಾಗಿಸಿತು. ಬಹಳ ಕಂಬಗಳಿಗೆ ಆರು ಮುಖ. ಐದು, ಏಳು ಮುಖದವೂ ಉಂಟು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಈ ಸಾಲಿನ ಮತ್ತೊಂದು ದ್ವೀಪಕ್ಕೆ ದರಿಯಾಬಹದ್ದೂರ್‌ಗಡವೆಂದು ಹೆಸರು. ಬಿದನೂರಿನ ಬಸಪ್ಪನಾಯಕನು ಅಲ್ಲಿ ಕೋಟೆ ಕಟ್ಟಿಸಿದನೆಂದು ಹೇಳುವರು. ಸೊರಬದ ಚಂದ್ರಗುತ್ತಿಯನ್ನು ಆಳಿದ ಕೆಳದಿಯ ಮನೆತನದ ಕೈ ಘಟ್ಟವಿಳಿದು ಕಡಲಿನ ನಡುವಣ ಕಲ್ಲಿನವರೆಗೂ ಚಾಚಿತ್ತು.